ರಿಮೋಟ್ ಸ್ಪ್ರೇ ಗಾಡಿಯ ಫ್ರೇಮಿಗೆ ಯಾವ ಕೋಟಿಂಗ್ ತಾಳುತ್ತೆ?

ಊರಿನ ವೆಲ್ಡಿಂಗ್ ಶಾಪಿನಲ್ಲೇ ರಿಮೋಟ್ ಗಾಡಿ ಮಾಡಿಸಿ, ಅದರ ಮೇಲೆ ಟ್ಯಾಂಕು, ಪಂಪು ಕೂರಿಸಿಕೊಂಡು ಸ್ಪ್ರೇ ಮಾಡೋ ಹುಡುಗರು ಈಗ ನಮ್ಮ ಕಡೆ ಅಲ್ಲಲ್ಲಿ ಸಿಗ್ತಾರೆ. ಮೋಟಾರು ಎಷ್ಟು ವ್ಯಾಟ್, ಬ್ಯಾಟರಿ ಎಷ್ಟು ಗಂಟೆ ಬರುತ್ತೆ ಅಂತ ತಿಂಗಳುಗಟ್ಟಲೆ ಲೆಕ್ಕ ಹಾಕ್ತಾರೆ. ಬಣ್ಣದ ಮಾತು ಬಂದರೆ ಮಾತ್ರ, "ಶಾಪಿನವರೇ ಏನೋ ಹೊಡೆದು ಕೊಡ್ತಾರೆ ಬಿಡಿ ಸಾರ್" ಅನ್ನೋದು.

ಬಣ್ಣ ಅಂದರೆ ಇಲ್ಲಿ ಅಂದಕ್ಕಲ್ಲ. ಇಂಥ ಗಾಡಿಗೆ ಬಳಸೋದು ಸಾಮಾನ್ಯವಾಗಿ ತೆಳು ಚೌಕ ಪೈಪು. ಮೇಲೆ 50 ಲೀಟರ್ ದ್ರಾವಣ, ಪಕ್ಕದಲ್ಲಿ ಬ್ಯಾಟರಿ. ನಮ್ಮ ಪಕ್ಕದ ದಾಳಿಂಬೆ ತೋಟದ ಗಾಡಿ ಎರಡನೇ ಮಳೆಗಾಲದಲ್ಲಿ ಇಳಿಜಾರಿನಲ್ಲಿ ಹೋಗ್ತಾ ಇರುವಾಗಲೇ ವೆಲ್ಡಿಂಗ್ ಪಕ್ಕದಲ್ಲಿ ಮುರಿದು ಕೂತಿತು. ಹೊರಗಿನಿಂದ ನೋಡಿದರೆ ಪೌಡರ್ ಕೋಟಿಂಗ್ ಇನ್ನೂ ಫಳಫಳ ಅಂತಿತ್ತು. ಉಗುರಿನಲ್ಲಿ ಕೆರೆದರೆ ಹಾಳೆ ಥರ ಎದ್ದು ಬಂತು, ಒಳಗೆ ಪೂರ್ತಿ ತುಕ್ಕು. ಯಾರಿಗೂ ಪೆಟ್ಟಾಗಲಿಲ್ಲ, ಬ್ಯಾಟರಿ ಕೇಬಲ್ ಮಾತ್ರ ಕಿತ್ತು ಬಂದಿತ್ತು.

ಹಾಗಂತ ಪೌಡರ್ ಕೋಟಿಂಗ್ ಕೆಟ್ಟದ್ದಲ್ಲ. ಪುಡಿಯನ್ನು ವಿದ್ಯುತ್ ಚಾರ್ಜಿನಿಂದ ಲೋಹಕ್ಕೆ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಕರಗಿಸಿ ಗಟ್ಟಿ ಮಾಡ್ತಾರೆ. ಗೇಟು, ಕುರ್ಚಿ, ಕಂಟ್ರೋಲರ್ ಪೆಟ್ಟಿಗೆಗೆ ಬಹಳ ಚೆನ್ನಾಗಿರುತ್ತೆ. ಆದರೆ ಕಲ್ಲು ತಗಲುವ ಜಾಗದಲ್ಲಿ ಒಂದು ಚೂರು ಎದ್ದರೆ ಸಾಕು, ಅಲ್ಲಿಂದ ನೀರು ಪದರದ ಅಡಿಗೆ ನುಗ್ಗುತ್ತೆ, ತುಕ್ಕು ಗುಟ್ಟಾಗಿ ಹಬ್ಬುತ್ತೆ. ಮನೆಯಲ್ಲಿ ತೇಪೆ ಹಾಕೋಣ ಅಂದರೆ ಆ ಒಲೆ ನಮ್ಮ ಹತ್ತಿರ ಇಲ್ಲ. ನನ್ನ ಮಟ್ಟಿಗೆ ಇದೇ ನಿರ್ಧರಿಸೋ ಪ್ರಶ್ನೆ: ಕೋಟಿಂಗ್ ಎಷ್ಟು ವರ್ಷ ಬರುತ್ತೆ ಅನ್ನೋದಕ್ಕಿಂತ, ಕಿತ್ತ ದಿನ ಅದನ್ನು ಶೆಡ್ಡಿನಲ್ಲೇ ರಿಪೇರಿ ಮಾಡೋಕೆ ಆಗುತ್ತಾ? ಕಲ್ಲು ಇರೋ ತೋಟದಲ್ಲಿ ಓಡೋ ಗಾಡಿಯ ಬಣ್ಣ ಕಿತ್ತೇ ಕೀಳುತ್ತೆ.

ಎರಡನೇ ಶತ್ರು ಮೇಲಿಂದ ತೊಟ್ಟಿಕ್ಕೋದು. ಬೋರ್ಡೋ ದ್ರಾವಣ ಸರಿಯಾಗಿದೆಯಾ ಅಂತ ನಾವು ಹೊಳೆಯೋ ಕಬ್ಬಿಣದ ಚಾಕು ಅದ್ದಿ ನೋಡ್ತೀವಲ್ಲ, ನೆನಪಿಸಿಕೊಳ್ಳಿ. ಸುಣ್ಣ ಕಡಿಮೆಯಾಗಿದ್ದರೆ ಚಾಕುವಿನ ಮೇಲೆ ಕೆಂಪು ತಾಮ್ರ ಕೂರುತ್ತೆ. ತಾಮ್ರ ಸುಮ್ಮನೆ ಕೂರಲ್ಲ, ಅಷ್ಟು ಕಬ್ಬಿಣ ಕರಗಿಸಿಕೊಂಡೇ ಕೂರೋದು. ಮೈಲುತುತ್ತದ ನೀರು ಬಣ್ಣ ಕಿತ್ತ ಫ್ರೇಮಿನ ಮೇಲೆ ಬಿದ್ದರೂ ಆಗೋದು ಅದೇ. ಸತುವಿನ ಮೇಲೆ ಇನ್ನೂ ಜೋರು. ಜೀವಾಮೃತದ್ದು ಬೇರೆ ಕಥೆ: ಗಂಜಲದಲ್ಲಿ ಉಪ್ಪಿನಂಶ ಇದೆ, ಬೆಲ್ಲ ಹುಳಿಯಾಗ್ತಾ ಆಮ್ಲ ಬಿಡುತ್ತೆ. ಸಾವಯವ ಅಂದ ಮಾತ್ರಕ್ಕೆ ಕಬ್ಬಿಣಕ್ಕೆ ಅದು ಸೌಮ್ಯ ಅಂದುಕೊಳ್ಳಬೇಡಿ.

ಈ ಕಾರಣಕ್ಕೇ ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಬಗ್ಗೆಯೂ ಸ್ವಲ್ಪ ಯೋಚಿಸಬೇಕು. ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನ ತೊಟ್ಟಿಗೆ ಇಡೀ ಫ್ರೇಮನ್ನೇ ಮುಳುಗಿಸಿ ತೆಗೀತಾರೆ. ಪೈಪಿನ ಒಳಗೂ ಪದರ ಬರುತ್ತೆ, ಗೀರು ಬಿದ್ದರೂ ಸುತ್ತಲಿನ ಸತು ತಾನು ಸವೆದು ಕಬ್ಬಿಣ ಉಳಿಸುತ್ತೆ. ನೀರು, ಮೇವು, ಕ್ರೇಟು ಸಾಗಿಸೋ ಗಾಡಿಗೆ ಇದಕ್ಕಿಂತ ಒಳ್ಳೇದು ಇಲ್ಲ. ಬೋರ್ಡೋ, ಜೀವಾಮೃತ ದಿನಾ ಚೆಲ್ಲೋ ಗಾಡಿಗೆ ಸತು ಒಂದೇ ಸಾಲದು. ಇನ್ನೊಂದು ಎಚ್ಚರಿಕೆ: ಎರಡೂ ತುದಿ ಮುಚ್ಚಿದ ಪೈಪನ್ನು ಹಾಗೇ ಕಳಿಸಬೇಡಿ. ಒಳಗಿನ ಗಾಳಿ, ತೇವ ಆ ಶಾಖಕ್ಕೆ ಉಬ್ಬಿ ಪೈಪು ಸಿಡಿಯಬಹುದು. ತೂತು ಎಲ್ಲೆಲ್ಲಿ ಬೇಕು ಅಂತ ಮೊದಲೇ ಕೇಳಿ ಹಾಕಿಸಿ. ಸತುವಿನ ಮೇಲೆ ನೇರವಾಗಿ ಇನಾಮಲ್ ಬಳಿದರೆ ಕೆಲವೇ ತಿಂಗಳಲ್ಲಿ ಸುಲಿದು ಬರುತ್ತೆ, ಅದಕ್ಕೆ ಬೇರೆ ಪ್ರೈಮರ್ ಬೇಕು.

ರೆಡ್ ಆಕ್ಸೈಡ್ ಮೇಲೆ ಇನಾಮಲ್ ಹೊಡೆಯೋದು ಅಗ್ಗ, ಎಲ್ಲಾ ಅಂಗಡಿಯಲ್ಲೂ ಸಿಗುತ್ತೆ, ತೇಪೆ ಹಾಕೋದೂ ಸುಲಭ. ಆದರೆ ಗಂಜಲ, ಸುಣ್ಣಕ್ಕೆ ಬೇಗ ಮೆತ್ತಗಾಗುತ್ತೆ.

ನಾನು ಹೇಳೋದು ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು ಬಣ್ಣ. ಎಪಾಕ್ಸಿ ಲೋಹವನ್ನು ಗಟ್ಟಿಯಾಗಿ ಹಿಡಿಯುತ್ತೆ, ದ್ರಾವಣಗಳನ್ನೂ ತಡೆಯುತ್ತೆ. ಬಿಸಿಲಿಗೆ ಮಾತ್ರ ಸುಣ್ಣದ ಪುಡಿ ಥರ ಉದುರುತ್ತೆ, ಅದಕ್ಕೇ ಮೇಲೆ ಪಿಯು. ಬಣ್ಣವನ್ನೂ ಗಟ್ಟಿಕಾರಕವನ್ನೂ ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಬೆರೆಸಿ, ಕಣ್ಣಂದಾಜು ಬೇಡ. ಬೆರೆಸಿದ ಮೇಲೆ ಉಳಿಸಿಡೋಕೆ ಆಗಲ್ಲ, ಬೇಕಾದಷ್ಟೇ ಕಲಸಿ. ಪಿಯು ಗಟ್ಟಿಕಾರಕದಲ್ಲಿ ಐಸೋಸೈನೇಟ್ ಇರುತ್ತೆ. ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ತರಬಹುದು, ಬಟ್ಟೆ ಮಾಸ್ಕ್ ಅದನ್ನು ತಡೆಯಲ್ಲ. ಹಾಗಾಗಿ ಸ್ಪ್ರೇ ಗನ್ ಬೇಡ, ಗ್ಲೌಸ್ ಹಾಕಿ, ಗಾಳಿ ಆಡೋ ಜಾಗದಲ್ಲಿ ಬ್ರಷ್‌ನಲ್ಲೇ ಬಳಿಯಿರಿ. ದನದ ಕೊಟ್ಟಿಗೆ ಪಕ್ಕ ಅಂತೂ ಬೇಡವೇ ಬೇಡ.

ಯಾವ ಬಣ್ಣವಾದರೂ ಅರ್ಧ ಆಯಸ್ಸು ತಯಾರಿಯಲ್ಲಿದೆ. ವೆಲ್ಡಿಂಗ್ ಆದ ಮೇಲೆ ಉಳಿದ ಚಿಟ್ಟು, ಕಿಡಿ ಹಾರಿ ಅಂಟಿದ ಗುಳ್ಳೆ ಎಲ್ಲಾ ಗ್ರೈಂಡರ್‌ನಲ್ಲಿ ತೆಗೀಬೇಕು. ಹೊಸ ಪೈಪಿನ ಮೇಲೆ ನೀಲಿ-ಕಪ್ಪು ಪೊರೆ ಇದ್ದರೆ ಅದೂ ಹೋಗಬೇಕು, ಇಲ್ಲದಿದ್ದರೆ ಬಣ್ಣದ ಸಮೇತ ಅದೇ ಉದುರುತ್ತೆ. ಚೂಪು ಅಂಚುಗಳನ್ನು ಉಜ್ಜಿ ಮೊಂಡು ಮಾಡಿ, ಚೂಪು ಜಾಗದಲ್ಲಿ ಬಣ್ಣ ನಿಲ್ಲದೆ ತೆಳುವಾಗಿ ಹರಿದು ಹೋಗುತ್ತೆ. ಆಮೇಲೆ ಥಿನ್ನರ್ ಬಟ್ಟೆಯಲ್ಲಿ ಎಣ್ಣೆ ಒರೆಸಿ, ಅದೇ ದಿನ ಪ್ರೈಮರ್ ಬಳಿದು ಮುಗಿಸಿ. ರಾತ್ರಿ ಬಿಟ್ಟರೆ ಬೆಳಿಗ್ಗೆ ತೆಳು ತುಕ್ಕು ಎದ್ದಿರುತ್ತೆ. ಮೊದಲು ವೆಲ್ಡಿಂಗ್ ಕೂಡು, ಮೂಲೆ, ಬೋಲ್ಟ್ ತೂತುಗಳಿಗೆ ಸಣ್ಣ ಬ್ರಷ್‌ನಲ್ಲಿ ಒಂದು ಕೈ, ಅದಾದ ಮೇಲೆ ಇಡೀ ಫ್ರೇಮಿಗೆ.

ಪೈಪಿನ ತುದಿಗಳಿಗೆ ತಗಡು ಇಟ್ಟು ಪೂರ್ತಿ ವೆಲ್ಡ್ ಮಾಡಿಸಿ, ಇಲ್ಲವೇ ತಳದಲ್ಲಿ ನೀರು ಇಳಿಯೋಕೆ ತೂತು ಬಿಡಿ. ಅರ್ಧಂಬರ್ಧ ಮುಚ್ಚಿದ ಪೈಪು ಒಳಗಿಂದ ಕೊಳೆಯುತ್ತೆ. ಕೆಲವರು ಒಳಗೆ ಸುಟ್ಟ ಇಂಜಿನ್ ಆಯಿಲ್ ಸುರಿಯೋಕೆ ಹೇಳ್ತಾರೆ. ಅದು ಸೋರೋದು ನಿಮ್ಮ ಮಣ್ಣಿಗೇ ಅಲ್ಲವಾ?

ಹೊಟ್ಟೆಯ ಭಾಗಕ್ಕೆ, ಅಂದರೆ ಕಲ್ಲು ನೇರ ಉಜ್ಜುವ ಜಾಗಕ್ಕೆ, ಯಾವ ಬಣ್ಣವನ್ನೂ ನಂಬಬೇಡಿ. ಒಡೆದ ನೀಲಿ ಡ್ರಮ್ಮಿನ ಗೋಡೆ ಕತ್ತರಿಸಿ ಬೋಲ್ಟ್ ಹಾಕಿ ಕಟ್ಟಿ, ಅದು ಕಲ್ಲಿನ ಮೇಲೆ ಜಾರುತ್ತೆ. ಮಧ್ಯೆ ದಪ್ಪ ವಾಷರ್ ಕೊಟ್ಟು ಸಂದು ಬಿಡಿ, ಇಲ್ಲದಿದ್ದರೆ ಕೆಸರು ಕೂತು ಅಲ್ಲೇ ತುಕ್ಕು ಶುರು. ಬೆಳೆಗೊಮ್ಮೆ ಬಿಚ್ಚಿ ತೊಳೆಯಿರಿ.

ಅಂಗಡಿಯವರ ಮಾತು, ನನ್ನ ಮಾತು ಎರಡನ್ನೂ ಪರೀಕ್ಷೆ ಮಾಡಬಹುದು. ಅದೇ ಪೈಪಿನ ಗೇಣುದ್ದ ತುಂಡುಗಳನ್ನು ತಗೊಳ್ಳಿ, ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದು ಒಂದು ವಾರ ಒಣಗಲು ಬಿಡಿ. ಮೊಳೆಯಲ್ಲಿ ಲೋಹ ಕಾಣೋವರೆಗೂ ಅಡ್ಡಗೀರು ಎಳೆದು, ನೀವು ಹೆಚ್ಚಾಗಿ ಹೊಡೆಯೋ ದ್ರಾವಣ ಸ್ವಲ್ಪವನ್ನು ಹಳೇ ಬಕೆಟ್ಟಿಗೆ ತೆಗೆದು ಅದರಲ್ಲಿ ಅರ್ಧ ಮುಳುಗಿಸಿಡಿ. 15 ದಿನ ಬಿಟ್ಟು ತೊಳೆದು, ಗೀರಿನ ಪಕ್ಕ ಚಾಕುವಿನ ತುದಿ ಹಾಕಿ ಎಬ್ಬಿಸಿ ನೋಡಿ. ತುಕ್ಕು ಗೀರಿನಲ್ಲೇ ನಿಂತಿದ್ದರೆ ಅದು ನಿಮ್ಮ ಗಾಡಿಗೆ ಆಗುತ್ತೆ. ಪಕ್ಕಕ್ಕೆ ಹರಿದು ಬಣ್ಣ ಎದ್ದರೆ ಆ ಡಬ್ಬಿ ಗೇಟಿಗೆ ಇಟ್ಟುಕೊಳ್ಳಿ.