ಗುರುತು ಮತ್ತು ನೆಲೆ: ‘ಬಡಗ’ ಎಂಬ ಹೆಸರಿನ ವಿಚಾರ

ನೀಲಗಿರಿಯ ಕೆತ್ತಿ ಕಣಿವೆಯು ಕೂನೂರು ಹಾಗೂ ಉದಕಮಂಡಲಗಳ ನಡುವೆ ಇದೆ. ಅಲ್ಲಿನ ಹಟ್ಟಿಗಳಲ್ಲಿ ನೆಲೆಸಿರುವ ಬಡಗರ ಹೆಸರು ಉತ್ತರ ದಿಕ್ಕನ್ನು ಸೂಚಿಸುವ ‘ಬಡಗು’ ಶಬ್ದದಿಂದ ಬಂದುದು. ತಮಿಳಿನ ‘ವಡಕ್ಕು’ ಇದರ ಜ್ಞಾತಿಪದ. ಅಲ್ಲಿನ ವಕಾರಕ್ಕೆ ಕನ್ನಡದಲ್ಲಿ ಬಕಾರವಿರುವುದನ್ನು ವಿದ್ಯಾರ್ಥಿಗಳು ಬಲ್ಲರು. ಮೈಸೂರು ಸೀಮೆಯಿಂದ ಬೆಟ್ಟವೇರಿ ಬಂದವರೆಂಬ ಐತಿಹ್ಯಕ್ಕೂ ಈ ಹೆಸರು ಹೊಂದುತ್ತದೆ. ಆದರೆ ಮೈಸೂರಿನಲ್ಲಿ ನಿಂತವನಿಗೆ ಕೆತ್ತಿ ಇರುವುದು ತೆಂಕಣದಲ್ಲಿ. ತೆಂಕಣದಲ್ಲಿರುವವರಿಗೆ ಬಡಗರೆಂಬ ಹೆಸರು! ಹೆಸರು ಹುಟ್ಟಿದ್ದು ಬೆಟ್ಟದ ಕಡೆಯವರ ಬಾಯಲ್ಲಿ ಎಂದು ತಿಳಿದರೆ ಈ ವಿರೋಧ ಕರಗುತ್ತದೆ.

ಇಲ್ಲಿ ಎರಡು ಕಾರ್ಯಗಳನ್ನು ಬೇರ್ಪಡಿಸಬೇಕು. ‘ಯಾರು’ ಎಂಬುದಕ್ಕೆ ಉತ್ತರ ಗುರುತು. ‘ಎಲ್ಲಿ’ ಎಂಬುದಕ್ಕೆ ಉತ್ತರ ನೆಲೆ. ‘ಬಡಗ’ ನೆಲೆಯಾಗಿ ಹುಟ್ಟಿ ಗುರುತಾಗಿ ಉಳಿದ ಪದ. ಕೆತ್ತಿಯ ಬಡಗನು ಕೊಯಮತ್ತೂರಿಗೋ ಬೆಂಗಳೂರಿಗೋ ಹೋಗಿ ನೆಲೆಸಿದರೂ ಬಡಗನೇ. ಮರಾಠಿಯ ‘ಕರ್’ ಪ್ರತ್ಯಯದ ಅಡ್ಡಹೆಸರುಗಳ ಕಥೆಯೂ ಇದೇ: ಧಾರವಾಡಕರ ಮನೆತನ ಪುಣೆಯಲ್ಲಿ ತಲೆಮಾರುಗಳನ್ನು ಕಳೆದರೂ ಹೆಸರು ಊರು ಬಿಡುವುದಿಲ್ಲ. ಇಂತಹ ಹೆಸರಿನಿಂದ ಒಬ್ಬನ ಇಂದಿನ ವಾಸಸ್ಥಳವನ್ನು ಊಹಿಸುವುದು ತಪ್ಪು. ಪೂರ್ವಿಕರ ಮೂಲವನ್ನು ಊಹಿಸಬಹುದು, ಅದೂ ಬೇರೆ ಆಧಾರಗಳಿದ್ದಾಗ.

ಭಾಷೆ ತಾನಾಗಿ ಮಾಡಿಕೊಂಡ ಈ ವಿಭಾಗವನ್ನು ಗಣಕಜಾಲವು ಪ್ರಯತ್ನಪೂರ್ವಕವಾಗಿ ಮಾಡಬೇಕಾಯಿತು. ಅಂತರ್ಜಾಲದ ಐಪಿ ವಿಳಾಸವು ಯಂತ್ರದ ನೆಲೆಯನ್ನು ಹೇಳುತ್ತದೆ. ಅದೇ ಯಂತ್ರದ ಗುರುತಾಗಿಯೂ ದುಡಿಯುತ್ತದೆ. ಕಾಲೇಜಿನ ವೈಫೈ ಬಿಟ್ಟು ಮೊಬೈಲ್ ಜಾಲಕ್ಕೆ ಬಂದೊಡನೆ ವಿಳಾಸ ಬದಲಾಗುವುದರಿಂದ, ಅದನ್ನೇ ನೆಚ್ಚಿದ್ದ ಸಂಪರ್ಕ ಕಡಿಯುತ್ತದೆ. ಊರು ಬಿಟ್ಟವನನ್ನು ಬೇರೆ ಮನುಷ್ಯನೆಂದೇ ಎಣಿಸಿದಂತೆ! 2006ರಲ್ಲಿ ವಿವರಿಸಲಾದ ‘ಹೋಸ್ಟ್ ಐಡೆಂಟಿಟಿ ಪ್ರೋಟೋಕಾಲ್’ ಎಂಬ ವಿನ್ಯಾಸವು ಯಂತ್ರಕ್ಕೆ ಗೂಢಲಿಪಿಯ ಕೀಲಿಯಿಂದ ಸ್ಥಿರವಾದ ಗುರುತನ್ನು ಕೊಟ್ಟು, ಐಪಿ ವಿಳಾಸಕ್ಕೆ ನೆಲೆ ತಿಳಿಸುವ ಕೆಲಸವನ್ನಷ್ಟೇ ಉಳಿಸಿತು. ಇದಕ್ಕೆ ಬೆಲೆಯೂ ಉಂಟು. ಗುರುತೊಂದರಿಂದಲೇ ಓಲೆ ತಲುಪದು. ಈ ಗುರುತಿನವನು ಈಗ ಎಲ್ಲಿದ್ದಾನೆಂದು ಹೇಳುವ ಇನ್ನೊಂದು ವ್ಯವಸ್ಥೆ ಬೇಕಾಗುತ್ತದೆ.

ಯಕ್ಷಗಾನದ ಬಡಗುತಿಟ್ಟು, ತೆಂಕುತಿಟ್ಟುಗಳನ್ನೂ ಹೀಗೆಯೇ ಪರಿಶೀಲಿಸಬಹುದು. ಬಡಗುತಿಟ್ಟಿನ ಮೇಳ ಮಂಗಳೂರಿನಲ್ಲಿ ಆಡಿದರೆ ತಿಟ್ಟು ಬದಲಾಗುವುದಿಲ್ಲ.

ಅಭ್ಯಾಸ: ನಿಮ್ಮ ತರಗತಿಯ ಹಾಜರಿಪಟ್ಟಿಯಿಂದ ಊರಿನ ಹೆಸರುಳ್ಳ ಐದು ಮನೆತನದ ಹೆಸರುಗಳನ್ನು ಆರಿಸಿ. ಅವುಗಳಲ್ಲಿ ಯಾವುದು ಇಂದಿಗೂ ನೆಲೆಯನ್ನು ಹೇಳುತ್ತದೆ, ಯಾವುದು ಗುರುತು ಮಾತ್ರವಾಗಿದೆ ಎಂಬುದನ್ನು ಆಧಾರಸಹಿತ ಬರೆಯಿರಿ.