ಸರಳ ಸಮೀಕರಣ: ಬಿಡಿಸುವುದು ಹೇಗೆ?

ಕೂಡಿ ಕಳೆಯುವ ಲೆಕ್ಕದಲ್ಲಿ ಚುರುಕಾಗಿದ್ದ ಮಕ್ಕಳೂ ಬೀಜಗಣಿತ ಶುರುವಾದಾಗ ತಡವರಿಸುತ್ತಾರೆ. ಅಕ್ಷರ ಕಂಡು ಹೆದರಿದರು ಎಂದುಕೊಳ್ಳುತ್ತೇವೆ. ಬಹಳ ಸಲ ತೊಡಕಿರುವುದು ಸಮ ಚಿಹ್ನೆಯಲ್ಲಿ. 7 + 5 = ಎಂದು ಕಂಡರೆ ‘ಉತ್ತರ ಬರೆ’ ಎಂಬ ಅಪ್ಪಣೆ ಎಂದೇ ಅವರಿಗೆ ರೂಢಿಯಾಗಿರುತ್ತದೆ. ಸಮೀಕರಣದಲ್ಲಿ ಆ ಚಿಹ್ನೆ ಹೇಳುವುದು ಎರಡೂ ಕಡೆಯ ಬೆಲೆ ಒಂದೇ ಎಂದು. ಸಮನಾಗಿ ನಿಂತ ತಕ್ಕಡಿಯ ಹಾಗೆ, ಒಂದು ತಟ್ಟೆಯಿಂದ ಎಷ್ಟು ತೆಗೆದರೆ ಇನ್ನೊಂದರಿಂದಲೂ ಅಷ್ಟೇ ತೆಗೆಯಬೇಕು. ಇದು ಮನಸ್ಸಿನಲ್ಲಿ ಗಟ್ಟಿಯಾದರೆ ಉಳಿದದ್ದು ಸಲೀಸು.

12ನೇ ಶತಮಾನದ ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಬರುವ ಲೆಕ್ಕವೊಂದನ್ನು ಬಿಡಿಸೋಣ. ಒಬ್ಬನ ಬಳಿ 6 ಕುದುರೆ, 300 ರೂಪಾಯಿ ಇವೆ. ಇನ್ನೊಬ್ಬನ ಬಳಿ 10 ಕುದುರೆ ಇವೆ, ಆದರೆ 100 ರೂಪಾಯಿ ಸಾಲವಿದೆ. ಎಲ್ಲ ಕುದುರೆಗಳ ಬೆಲೆ ಒಂದೇ, ಇಬ್ಬರ ಆಸ್ತಿಯೂ ಸಮ. ಒಂದು ಕುದುರೆಯ ಬೆಲೆ ಎಷ್ಟು?

1. ಗೊತ್ತಿಲ್ಲದ್ದಕ್ಕೆ ಹೆಸರಿಡಿ. ಒಂದು ಕುದುರೆಯ ಬೆಲೆ ‘ಯಾ’ ಆಗಿರಲಿ. ಪಠ್ಯಪುಸ್ತಕದ ‘ಎಕ್ಸ್’ ಮಾಡುವ ಕೆಲಸವನ್ನು ಭಾಸ್ಕರಾಚಾರ್ಯರಲ್ಲಿ ‘ಯಾ’ ಮಾಡುತ್ತಿತ್ತು. ನೆನಪಿಡಿ, ಈ ಅಕ್ಷರ ಕುದುರೆಯಲ್ಲ, ಅದರ ಬೆಲೆ. ಅಂದರೆ ಒಂದು ಸಂಖ್ಯೆ.

2. ಮಾತನ್ನು ಸಮೀಕರಣವಾಗಿಸಿ. ಸಾಲವೆಂದರೆ ಕಳೆಯುವುದು.
6ಯಾ + 300 = 10ಯಾ − 100

3. ಚರಾಕ್ಷರವನ್ನು ಒಂದೇ ಕಡೆ ತನ್ನಿ. ಎರಡೂ ಕಡೆಯಿಂದ 6ಯಾ ಕಳೆಯಿರಿ.
300 = 4ಯಾ − 100
ಚಿಕ್ಕದನ್ನು ಕಳೆದರೆ ಋಣ ಚಿಹ್ನೆಯ ಗೊಂದಲ ಹತ್ತಿರ ಬರುವುದಿಲ್ಲ.

4. ಬಿಡಿ ಸಂಖ್ಯೆಯನ್ನು ಇನ್ನೊಂದು ಕಡೆ ತನ್ನಿ. ಎರಡೂ ಕಡೆ 100 ಕೂಡಿಸಿ.
400 = 4ಯಾ

5. ಸಹಗುಣಕದಿಂದ ಭಾಗಿಸಿ. ಎರಡೂ ಕಡೆ 4ರಿಂದ ಭಾಗಿಸಿದರೆ
ಯಾ = 100

6. ತಾಳೆ ನೋಡಿ. ಎಡಭಾಗ 600 + 300 = 900. ಬಲಭಾಗ 1000 − 100 = 900. ಉತ್ತರ ಸರಿ. ಈ ಹೆಜ್ಜೆಯನ್ನು ಎಂದೂ ಬಿಡಬೇಡಿ. ಉತ್ತರ ಸರಿಯೋ ತಪ್ಪೋ ಎಂದು ಬೇರೆಯವರನ್ನು ಕೇಳಬೇಕಾಗಿಲ್ಲ, ಲೆಕ್ಕವೇ ಹೇಳುತ್ತದೆ.

ಎಡವುವ ಜಾಗಗಳು

*ಪಕ್ಷಾಂತರ:* ‘ಆಚೆ ಹೋದರೆ ಚಿಹ್ನೆ ಬದಲು’ ಎಂದು ಬಾಯಿಪಾಠ ಮಾಡಿದ ಮಗು 4ಯಾ = 400 ಕಂಡಾಗ 400 − 4 ಎಂದು ಬರೆದುಬಿಡುತ್ತದೆ. ಕೂಡಿದ್ದನ್ನು ಕಳೆದು, ಗುಣಿಸಿದ್ದನ್ನು ಭಾಗಿಸಿ ಬಿಡಿಸಬೇಕು. ಪಕ್ಷಾಂತರವೆಂಬುದು ಎರಡೂ ಕಡೆ ಒಂದೇ ಕೆಲಸ ಮಾಡುವುದರ ಚಿಕ್ಕ ರೂಪ, ಅಷ್ಟೆ.

*ಆವರಣ:* 3(ಯಾ − 2) = 12 ಎಂಬಲ್ಲಿ 3 ಒಳಗಿನ ಎರಡಕ್ಕೂ ಸಲ್ಲುತ್ತದೆ. 3ಯಾ − 6 = 12, ಆದ್ದರಿಂದ ಯಾ = 6.

*ಭಿನ್ನರಾಶಿ:* ಯಾ/2 + ಯಾ/3 = 10 ಇದ್ದರೆ ಛೇದಗಳ ಲಸಾಅ 6. ಅದರಿಂದ ಎಲ್ಲ ಪದಗಳನ್ನೂ ಗುಣಿಸಿ. ಬಲಗಡೆಯ 10 ಮರೆತುಹೋಗುವುದು ಹೆಚ್ಚು. 3ಯಾ + 2ಯಾ = 60, ಆದ್ದರಿಂದ ಯಾ = 12.

ಮನೆಯಲ್ಲಿ ಅಭ್ಯಾಸಕ್ಕೆ

ಅ) 5ಯಾ − 3 = 2ಯಾ + 9
ಆ) 2(ಯಾ + 1) = 3ಯಾ − 5
ಇ) ತಾಯಿಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟು. ಇಬ್ಬರದೂ ಸೇರಿ 48. ಮಗಳಿಗೆ ಎಷ್ಟು ವರ್ಷ?

ಪೋಷಕರೇ, ಮಗು ಬರೆದ ಪ್ರತಿ ಸಾಲಿಗೂ ‘ಎರಡೂ ಕಡೆ ಏನು ಮಾಡಿದೆ?’ ಎಂದು ಕೇಳಿ. ಅದಕ್ಕೆ ಉತ್ತರ ಹೇಳಬಲ್ಲ ಮಗುವಿಗೆ ಸೂತ್ರದ ಬಾಯಿಪಾಠ ಬೇಕಾಗುವುದಿಲ್ಲ.

ಉತ್ತರ: ಅ) 4, ಆ) 7, ಇ) 12