ಆಸ್ಪರಾಜಿನೇಸ್: ರಕ್ತ ಕ್ಯಾನ್ಸರ್ ಕೋಶಕ್ಕೆ ಉಪವಾಸ

ಮಕ್ಕಳಲ್ಲಿ ಅತಿ ಸಾಮಾನ್ಯವಾದ ಕ್ಯಾನ್ಸರ್ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಇದರ ಕೀಮೋಥೆರಪಿಯಲ್ಲಿ ವಿನ್‌ಕ್ರಿಸ್ಟಿನ್, ಸ್ಟಿರಾಯ್ಡ್‌ಗಳ ಜೊತೆ ಎಲ್-ಆಸ್ಪರಾಜಿನೇಸ್ ಎಂಬ ಕಿಣ್ವದ ಚುಚ್ಚುಮದ್ದನ್ನೂ ಕೊಡುತ್ತಾರೆ. ರಕ್ತದಲ್ಲಿರುವ ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ಅದು ಆಸ್ಪಾರ್ಟಿಕ್ ಆಮ್ಲ ಮತ್ತು ಅಮೋನಿಯಾ ಆಗಿ ಒಡೆಯುತ್ತದೆ. ಆರೋಗ್ಯವಂತ ಕೋಶಗಳು ಆಸ್ಪರಾಜಿನ್ ಅನ್ನು ತಾವೇ ತಯಾರಿಸಿಕೊಳ್ಳಬಲ್ಲವು. ಈ ಕ್ಯಾನ್ಸರ್ ಕೋಶಗಳಲ್ಲಿ ಅದನ್ನು ತಯಾರಿಸುವ ಆಸ್ಪರಾಜಿನ್ ಸಿಂಥೆಟೇಸ್ ಎಂಬ ಕಿಣ್ವ ತೀರಾ ಕಡಿಮೆ. ಹೊರಗಿನ ಪೂರೈಕೆ ನಿಂತರೆ ಪ್ರೋಟೀನ್ ತಯಾರಿಕೆ ನಿಲ್ಲುತ್ತದೆ, ಕೋಶ ಸಾಯುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ತಿರುಗಿಸಿ ಕೇಳುವುದು ಈ ವ್ಯತ್ಯಾಸವನ್ನೇ.

1953ರಲ್ಲಿ ವಿಜ್ಞಾನಿ ಜಾನ್ ಕಿಡ್ ಗಿನಿ ಹಂದಿಯ ರಕ್ತಸಾರದಿಂದ ಇಲಿಗಳ ಲಿಂಫೋಮಾ ಗಡ್ಡೆ ಕರಗಿದ್ದನ್ನು ಕಂಡರು. 1961ರಲ್ಲಿ ಜಾನ್ ಬ್ರೂಮ್ ಅದರ ಹಿಂದಿನ ಕಿಣ್ವವನ್ನು ಗುರುತಿಸಿದರು. ಇಂದಿನ ಔಷಧ ಬರುವುದು ಇ. ಕೋಲಿ ಬ್ಯಾಕ್ಟೀರಿಯಾದಿಂದ, ಅದು ಒಗ್ಗದವರಿಗೆ ಎರ್ವಿನಿಯಾ ಮೂಲದ್ದು. ಅಲರ್ಜಿ, ಮೇದೋಜೀರಕ ಗ್ರಂಥಿಯ ಉರಿಯೂತ, ರಕ್ತ ಹೆಪ್ಪುಗಟ್ಟುವಿಕೆ ಮುಖ್ಯ ಅಡ್ಡಪರಿಣಾಮಗಳು. ಚಿಪ್ಸ್‌ನಲ್ಲಿ ಅಕ್ರಿಲಮೈಡ್ ಎಂಬ ರಾಸಾಯನಿಕವನ್ನು ತಗ್ಗಿಸಲೂ ಆಸ್ಪರಾಜಿನೇಸ್ ಬಳಕೆಯಲ್ಲಿದೆ, ಓದುವಾಗ ಇದನ್ನು ಬಿಟ್ಟುಬಿಡಬೇಡಿ!

ಆಹಾರದಲ್ಲಿ ಮೆಥಿಯೊನಿನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ಕಡಿತಗೊಳಿಸುವ ಕಥೆ ಬೇರೆ. 2019ರ ಅಧ್ಯಯನದಲ್ಲಿ ಮೆಥಿಯೊನಿನ್ ಕಡಿಮೆಯಿದ್ದ ಆಹಾರ 5-ಫ್ಲೋರೋಯುರಾಸಿಲ್ ಎಂಬ ಕ್ಯಾನ್ಸರ್ ಔಷಧದ ಪರಿಣಾಮ ಹೆಚ್ಚಿಸಿತು, ಆದರೆ ಇಲಿಗಳಲ್ಲಿ. ಅದನ್ನು ನಂಬಿ ರೋಗಿಗೆ ಬೇಳೆ, ಮೊಟ್ಟೆ ನಿಲ್ಲಿಸುವುದು ಅಪಾಯ.

ಪರೀಕ್ಷೆಯಲ್ಲಿ ಕರ್ನಾಟಕದ ಬಗ್ಗೆ ಪ್ರಶ್ನೆ ಬಂದರೆ: ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆ, ಬೆಂಗಳೂರು, ಸ್ಥಾಪನೆ 1973. ಮಸೂತಿಯಂಥ ವಿಜಯಪುರ ಜಿಲ್ಲೆಯ ಹಳ್ಳಿಗಳಿಗೆ ಬೆಂಗಳೂರಿಗಿಂತ ಹತ್ತಿರವಿರುವುದು ಅದರ ಕಲಬುರಗಿ ಕೇಂದ್ರ.